ಬ್ಲಾಕ್ ಇಲ್ಲ ಅಂದರೆ ಏನೂ ಇಲ್ಲವೇ?

"ಬ್ಲಾಕ್ ಏನೂ ಇಲ್ವಂತೆ!" ಚಿಕ್ಕಪ್ಪ ಆಸ್ಪತ್ರೆಯಿಂದ ಫೋನ್ ಮಾಡಿ ಹೇಳಿದಾಗ ಮನೆಮಂದಿಯೆಲ್ಲ ಬಿಗಿಹಿಡಿದ ಉಸಿರು ಬಿಟ್ಟೆವು. ಅಜ್ಜಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಮೂರು ತಿಂಗಳಿಂದ ಚಿಕ್ಕಮ್ಮನಿಗೆ ತುಂಬಿದ ಕೊಡ ಎತ್ತಿದರೆ, ಮಹಡಿ ಮೆಟ್ಟಿಲು ಹತ್ತಿದರೆ ಎದೆಯ ಮೇಲೆ ಗುಂಡುಕಲ್ಲು ಇಟ್ಟ ಹಾಗಾಗುತ್ತಿತ್ತು. ದವಡೆ ಸೆಳೆಯುತ್ತಿತ್ತು, ಬೆನ್ನಿನ ನಡುವೆ ಹಿಂಡುತ್ತಿತ್ತು. ಮನೆಯಲ್ಲಿ ಅದನ್ನು ಗ್ಯಾಸ್ ಎಂದು ಕರೆದು ಓಮದ ನೀರು ಕುಡಿಸಿದ್ದಾಯಿತು. ಊರಿನ ವೈದ್ಯರು ಟೆನ್ಶನ್ ಎಂದರು. ಕೊನೆಗೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಆಂಜಿಯೋಗ್ರಾಂ ಮಾಡಿ, ಹೃದಯದ ರಕ್ತನಾಳಗಳಲ್ಲಿ ಅಡಚಣೆ ಇಲ್ಲವೆಂದು ತಿಳಿಸಿ, ಗ್ಯಾಸ್ಟ್ರಿಕ್ ಮಾತ್ರೆಯನ್ನೂ ನಿದ್ದೆಗೆ ಅರ್ಧ ಮಾತ್ರೆಯನ್ನೂ ಬರೆದುಕೊಟ್ಟು ಕಳಿಸಿದರು.

ಮನೆಗೆ ಬಂದ ಮೇಲೂ ನೋವು ಹೋಗಲಿಲ್ಲ. ನೋವಿನ ಮಾತು ಮಾತ್ರ ನಿಂತುಹೋಯಿತು. ಮೆಟ್ಟಿಲ ಮಧ್ಯೆ ನಿಂತು ಕಂಬ ಹಿಡಿದುಕೊಂಡಿದ್ದವಳನ್ನು ಕಂಡು ನಾನು ಕೇಳಿದಾಗ ಅವಳು ಹೇಳಿದ್ದು ಇಷ್ಟೇ: "ಅಷ್ಟು ದುಡ್ಡು ಸುರಿದು ನೋಡ್ಸಿದಾರೆ. ಇನ್ನೂ ನೋವು ಅಂದ್ರೆ ನಾಟಕ ಆಡ್ತಾಳೆ ಅಂದ್ಕೋತಾರೆ ಕಣೇ."

ಆ ಮಾತು ನನ್ನನ್ನು ವರ್ಷಗಟ್ಟಲೆ ಕೊರೆದಿದೆ. ಹೆಂಗಸರ ಹೃದಯದ ಬಗ್ಗೆ ನಾವು ಎರಡು ನಂಬಿಕೆಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆ. ಮುಟ್ಟು ಇರುವವರೆಗೆ ಹೆಣ್ಣಿಗೆ ಹೃದಯಾಘಾತದ ಭಯವಿಲ್ಲ ಎಂಬುದು ಒಂದು. ಬ್ಲಾಕ್ ಇಲ್ಲದಿದ್ದರೆ ಹೃದಯದ ಕಾಯಿಲೆ ಇಲ್ಲ ಎಂಬುದು ಇನ್ನೊಂದು. ಎರಡನ್ನೂ ಓದಿದವರು ಹೇಳುತ್ತಾರೆ, ಓದದವರು ಹೇಳುತ್ತಾರೆ, ಪತ್ರಿಕೆಗಳ ಆರೋಗ್ಯ ಪುಟಗಳು ಹೇಳುತ್ತವೆ, ಕೆಲವು ವೈದ್ಯರೂ ಹೇಳುತ್ತಾರೆ. ಎರಡರಲ್ಲೂ ಸತ್ಯದ ಒಂದು ಚೂರು ಇದೆ. ಆ ಚೂರನ್ನೇ ಪೂರ್ತಿ ಸತ್ಯ ಎಂದುಕೊಂಡದ್ದರಿಂದ ಹೆಂಗಸರು ಸಾಯುತ್ತಿದ್ದಾರೆ ಎಂಬುದು ನನ್ನ ವಾದ.

ನಂಬಿಕೆ ಹುಟ್ಟಿದ ಬಗೆಯನ್ನು ಮೊದಲು ನೋಡಬೇಕು. 18ನೇ ಶತಮಾನದಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡೆನ್ ಎದೆ ಹಿಂಡುವ ಈ ನೋವಿಗೆ ಆಂಜೈನಾ ಎಂದು ಹೆಸರಿಟ್ಟ. ತಾನು ಕಂಡ ಸುಮಾರು ನೂರು ರೋಗಿಗಳಲ್ಲಿ ಹೆಂಗಸರು ಮೂವರೇ ಎಂದು ಆತ ಬರೆದಿಟ್ಟ. ಅವನು ಸುಳ್ಳು ಬರೆದಿರಲಿಲ್ಲ. ಆದರೆ ವೈದ್ಯನ ಬಾಗಿಲಿಗೆ ಬಂದವರ ಲೆಕ್ಕ ಬೇರೆ, ಕಾಯಿಲೆ ಇದ್ದವರ ಲೆಕ್ಕ ಬೇರೆ. ಎರಡು ಶತಮಾನ ಕಳೆದ ಮೇಲೂ ಅದೇ ಕಣ್ಣು. 1964ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಹೃದ್ರೋಗದ ಬಗ್ಗೆ ಹೆಂಗಸರಿಗಾಗಿ ಮೊದಲ ದೊಡ್ಡ ಸಮಾವೇಶ ನಡೆಯಿತು. ಸಾವಿರಾರು ಜನ ಬಂದರು. ಅಲ್ಲಿ ಅವರಿಗೆ ಕಲಿಸಿದ್ದು ಗಂಡನ ಹೃದಯವನ್ನು ಕಾಪಾಡುವುದು ಹೇಗೆ ಎಂದು, ಏನು ಅಡುಗೆ ಮಾಡಬೇಕು, ಅವನ ಮನಸ್ಸಿಗೆ ಹೇಗೆ ನೆಮ್ಮದಿ ಕೊಡಬೇಕು ಎಂದು. ಅಲ್ಲಿ ಕುಳಿತಿದ್ದವರ ಎದೆಯೊಳಗೂ ಒಂದೊಂದು ಹೃದಯ ಇತ್ತು. ಆ ಮಾತು ಕಾರ್ಯಕ್ರಮದಲ್ಲಿ ಇರಲಿಲ್ಲ.

ಮುಂದೆ ಬಂದ ದೊಡ್ಡ ಪ್ರಯೋಗಗಳದ್ದೂ ಅದೇ ಹಾದಿ. ರಕ್ತದೊತ್ತಡ, ಕೊಲೆಸ್ಟರಾಲ್, ಸಿಗರೇಟು ಮೂರನ್ನೂ ಒಟ್ಟಿಗೆ ತಗ್ಗಿಸಿದರೆ ಏನಾಗುತ್ತದೆ ಎಂದು ನೋಡಿದ ಅಮೆರಿಕದ ಪ್ರಸಿದ್ಧ ಪ್ರಯೋಗದಲ್ಲಿ 12,866 ಜನ ಇದ್ದರು. ಎಲ್ಲರೂ ಗಂಡಸರು. ಆಸ್ಪಿರಿನ್ ಹೃದಯಾಘಾತ ತಡೆಯುತ್ತದೆ ಎಂದು 1989ರಲ್ಲಿ ಸಾರಿದ ಅಧ್ಯಯನದಲ್ಲಿ 22,071 ವೈದ್ಯರಿದ್ದರು. ಅವರೂ ಎಲ್ಲರೂ ಗಂಡಸರೇ. ಅದನ್ನು ನಂಬಿ ಎಷ್ಟೋ ಹೆಂಗಸರೂ ದಿನಾ ಆಸ್ಪಿರಿನ್ ನುಂಗಿದರು. ಸುಮಾರು 40,000 ಹೆಂಗಸರ ಮೇಲೆ ಪ್ರತ್ಯೇಕ ಅಧ್ಯಯನ ನಡೆದು ಫಲಿತಾಂಶ ಬಂದದ್ದು 2005ರಲ್ಲಿ. ಒಟ್ಟಾರೆ ನೋಡಿದರೆ ಆ ಹೆಂಗಸರಲ್ಲಿ ಆಸ್ಪಿರಿನ್ ಮೊದಲ ಹೃದಯಾಘಾತವನ್ನು ತಡೆಯಲಿಲ್ಲ. ಪಾರ್ಶ್ವವಾಯುವನ್ನು ಸ್ವಲ್ಪ ಕಡಿಮೆ ಮಾಡಿತು, 65 ದಾಟಿದವರಲ್ಲಿ ಮಾತ್ರ ಹೃದಯಾಘಾತಕ್ಕೂ ಉಪಯೋಗ ಕಂಡಿತು. ಒಂದೇ ಮಾತ್ರೆ, ಎರಡು ದೇಹಗಳಲ್ಲಿ ಎರಡು ಫಲ. ಕೇಳಿದ್ದರೆ ಮೊದಲೇ ತಿಳಿಯುತ್ತಿತ್ತು.

1991ರಲ್ಲಿ ಬರ್ನಡೀನ್ ಹೀಲಿ ಎಂಬ ಹೃದ್ರೋಗ ತಜ್ಞೆ ಈ ತಾರತಮ್ಯಕ್ಕೆ ಒಂದು ಹೆಸರು ಕೊಟ್ಟರು: ಯೆಂಟ್ಲ್ ಸಿಂಡ್ರೋಮ್. ಓದಲಿಕ್ಕಾಗಿ ಗಂಡುವೇಷ ಹಾಕಿಕೊಂಡ ಯೆಹೂದಿ ಹುಡುಗಿಯ ಕಥೆಯಿಂದ ತೆಗೆದುಕೊಂಡ ಹೆಸರು ಅದು. ತನ್ನ ಹೃದಯದ ಕಾಯಿಲೆ ಗಂಡಸಿನ ಕಾಯಿಲೆಯಂತೆಯೇ ಇದೆ ಎಂದು ಸಾಬೀತು ಮಾಡಿದ ಮೇಲಷ್ಟೇ ಹೆಂಗಸಿಗೆ ಸರಿಯಾದ ಚಿಕಿತ್ಸೆ ಸಿಗುತ್ತದೆ ಎಂಬುದು ಅವರ ಮಾತಿನ ತಿರುಳು. ನನ್ನ ಚಿಕ್ಕಮ್ಮ ಅದನ್ನು ಸಾಬೀತು ಮಾಡಲಾರದೆ ಹೋದಳು.

ಈಗ ಮುಟ್ಟಿನ ಮಾತಿಗೆ ಬರೋಣ. ಈ ನಂಬಿಕೆಯ ಪರವಾಗಿ ಇರುವುದನ್ನು ಮೊದಲು ಒಪ್ಪಿಕೊಳ್ಳಬೇಕು. ಹೆಂಗಸರಿಗೆ ಮೊದಲ ಹೃದಯಾಘಾತ ಗಂಡಸರಿಗಿಂತ ತಡವಾಗಿ ಬರುತ್ತದೆ ಎಂಬುದು ನಿಜ. 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳಲ್ಲಿ ನಡೆಯಿತು. ಅದರ ಮುಂದಾಳು ಸಲೀಂ ಯೂಸುಫ್ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಆ ಅಧ್ಯಯನದಲ್ಲಿ ಹೆಂಗಸರು ಗಂಡಸರಿಗಿಂತ ಸುಮಾರು ಒಂಬತ್ತು ವರ್ಷ ತಡವಾಗಿ ಹೃದಯಾಘಾತಕ್ಕೆ ಒಳಗಾಗಿದ್ದರು. ಇಷ್ಟು ಸತ್ಯ. ಈ ತಡಕ್ಕೆ ಮುಟ್ಟೇ ಕಾರಣ, ಮುಟ್ಟು ಒಂದು ರಕ್ಷಾಕವಚ, ಅದು ಕಳಚಿದ ದಿನದಿಂದ ಅಪಾಯ ಶುರು ಎಂಬ ತೀರ್ಮಾನ ಮಾತ್ರ ಈ ಸತ್ಯದಿಂದ ಹೊರಡುವುದಿಲ್ಲ.

ಕವಚ ಕಳಚುವುದು ನಿಜವಾದರೆ, ವಯಸ್ಸು ಏರಿದಂತೆ ಹೆಂಗಸರ ಹೃದ್ರೋಗದ ಸಾವಿನ ಗೆರೆ ಐವತ್ತರ ಆಸುಪಾಸಿನಲ್ಲಿ ದಿಢೀರನೆ ಮೇಲಕ್ಕೆ ಹಾರಬೇಕು. ಇಂಗ್ಲೆಂಡ್, ವೇಲ್ಸ್ ಮತ್ತು ಅಮೆರಿಕದ ಸಾವಿನ ದಾಖಲೆಗಳನ್ನು ಜೋಡಿಸಿ ಧನಂಜಯ ವೈದ್ಯ ಮತ್ತು ಸಂಗಡಿಗರು 2011ರಲ್ಲಿ ಇದನ್ನೇ ಪರೀಕ್ಷಿಸಿದರು. ಗೆರೆ ಹಾರಲಿಲ್ಲ. ಹೆಂಗಸರಲ್ಲಿ ಸಾವು ವಯಸ್ಸಿನೊಂದಿಗೆ ಒಂದೇ ಹದದಲ್ಲಿ ಏರುತ್ತ ಹೋಗುತ್ತದೆ, ಮುಟ್ಟು ನಿಲ್ಲುವ ಕಾಲದಲ್ಲಿ ಅದಕ್ಕೆ ಯಾವ ಮೆಟ್ಟಿಲೂ ಇಲ್ಲ. ಬದಲಾಗುವುದು ಗಂಡಸರ ಗೆರೆ. ಎಳೆವಯಸ್ಸಿನಲ್ಲಿ ಕಡಿದಾಗಿ ಏರಿ, ನಲವತ್ತೈದರ ಸುಮಾರಿಗೆ ಅದು ನಿಧಾನವಾಗುತ್ತದೆ. ಹೆಂಗಸು ಗಂಡಸನ್ನು ಹಿಡಿದುಬಿಟ್ಟಳು ಎಂದು ನಮಗೆ ಕಾಣುವುದು ಅವನು ನಡಿಗೆ ನಿಧಾನ ಮಾಡಿದ್ದರಿಂದ.

ಕವಚವೇ ನಿಜವಾಗಿದ್ದರೆ ಈಸ್ಟ್ರೋಜನ್ ಮಾತ್ರೆ ಕೊಟ್ಟು ಅದನ್ನು ಮತ್ತೆ ತೊಡಿಸಬಹುದಿತ್ತು. ಅಮೆರಿಕದಲ್ಲಿ ಲಕ್ಷಾಂತರ ಹೆಂಗಸರಿಗೆ ಹಾಗೆ ಕೊಟ್ಟರು. 1998ರಲ್ಲಿ, ಆಗಲೇ ಹೃದ್ರೋಗವಿದ್ದ 2,763 ಹೆಂಗಸರ ಮೇಲಿನ ಪ್ರಯೋಗ ಈ ಹಾರ್ಮೋನಿನಿಂದ ಪ್ರಯೋಜನವಿಲ್ಲ ಎಂದಿತು. 2002ರಲ್ಲಿ 16,608 ಹೆಂಗಸರ ಮೇಲಿನ ಇನ್ನೊಂದು ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹಾರ್ಮೋನು ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿತ್ತು, ಹೃದಯಾಘಾತವೂ ಕಡಿಮೆಯಾಗದೆ ಹೆಚ್ಚಾಗಿತ್ತು. ಮುಟ್ಟು ನಿಂತ ಹೊಸತರಲ್ಲೇ ಶುರು ಮಾಡಿದ್ದರೆ ಫಲ ಬೇರೆಯಾಗಬಹುದೇ ಎಂಬ ಚರ್ಚೆ ಇನ್ನೂ ನಡೆದಿದೆ, ಅದು ಯೋಗ್ಯ ಚರ್ಚೆ. ಈಸ್ಟ್ರೋಜನ್‌ಗೂ ರಕ್ತನಾಳಕ್ಕೂ ನಂಟೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅಂಡಾಶಯಗಳನ್ನು ಚಿಕ್ಕ ವಯಸ್ಸಿನಲ್ಲೇ ತೆಗೆಸಿಕೊಂಡವರಿಗೆ, ನಲವತ್ತಕ್ಕೆ ಮೊದಲೇ ಮುಟ್ಟು ನಿಂತವರಿಗೆ ಹೃದ್ರೋಗದ ಅಪಾಯ ಹೆಚ್ಚು ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ನಾನು ಬೇಡವೆನ್ನುತ್ತಿರುವುದು, ಮೂವತ್ತೆಂಟು ವರ್ಷದ ಹೆಂಗಸು ಎದೆ ಹಿಡಿದುಕೊಂಡು ಬಂದರೆ "ನಿಮಗಿನ್ನೂ ಮುಟ್ಟಾಗುತ್ತಲ್ಲ" ಎಂದು ಸಮಾಧಾನ ಹೇಳಿ ಕಳಿಸುವುದನ್ನು.

ಈ ಕವಚದ ಮಾತು ನಮ್ಮ ನಾಡಿಗಂತೂ ಇನ್ನೂ ಹೊಂದುವುದಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಮುಟ್ಟು ನಿಲ್ಲುವುದು 51ರ ಆಸುಪಾಸು. ನಮ್ಮಲ್ಲಿ 46, 47ಕ್ಕೇ ನಿಲ್ಲುತ್ತದೆ. ಇದರ ಮೇಲೆ ಗರ್ಭಕೋಶ ತೆಗೆಸುವ ಪಿಡುಗು ಬೇರೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರು ಹೊಟ್ಟೆನೋವು, ಬಿಳಿಸೆರಗು ಎಂದು ಹೋದರೆ ಕ್ಯಾನ್ಸರ್ ಭಯ ಹುಟ್ಟಿಸಿ ಗರ್ಭಕೋಶ ತೆಗೆದ ಸಂಗತಿ ಹತ್ತು ವರ್ಷಗಳ ಹಿಂದೆ ಹೊರಬಿತ್ತು. 2017ರಲ್ಲಿ ಆ ಹೆಂಗಸರು ನ್ಯಾಯ ಕೇಳಿ ಬೀದಿಗಿಳಿದರು. ಅವರಲ್ಲಿ ನಲವತ್ತು ದಾಟದವರು ಬಹಳ ಮಂದಿ. ಅದನ್ನು ನಾವು ಸ್ತ್ರೀರೋಗದ ಅಕ್ರಮ ಎಂದಷ್ಟೇ ಚರ್ಚಿಸಿದೆವು, ಹಾಗೆ ಚರ್ಚಿಸಿದ್ದು ಸರಿಯೂ ಹೌದು. ಆದರೆ ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ಕಳೆದುಕೊಂಡ ಮೂವತ್ತರ ಹೆಣ್ಣುಮಗಳ ಹೃದಯಕ್ಕೆ ಇಪ್ಪತ್ತು ವರ್ಷಗಳ ಮೇಲೆ ಏನಾಗುತ್ತದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಇನ್ನು ಬ್ಲಾಕ್. ಈ ಪದ ನಮ್ಮ ಭಾಷೆಯಲ್ಲಿ ಎಷ್ಟು ಬೇರೂರಿದೆಯೆಂದರೆ ಹೃದಯದ ಕಾಯಿಲೆ ಬಂದವರನ್ನು ನಾವು ಮೊದಲು ಕೇಳುವುದೇ "ಎಷ್ಟು ಬ್ಲಾಕ್ ಇತ್ತು?" ಎಂದು. ಮೂರು ಬ್ಲಾಕ್, ಎಂಬತ್ತು ಪರ್ಸೆಂಟ್, ಎರಡು ಸ್ಟೆಂಟ್. ನಮ್ಮ ಮನಸ್ಸಿನಲ್ಲಿರುವ ಚಿತ್ರ ನಲ್ಲಿಯ ಪೈಪಿನದು: ಒಳಗೆ ಜಿಡ್ಡು ಕಟ್ಟುತ್ತದೆ, ದಾರಿ ಕಿರಿದಾಗುತ್ತದೆ, ಒಂದು ದಿನ ನೀರು ನಿಲ್ಲುತ್ತದೆ. ರಕ್ತನಾಳ ಪೈಪಲ್ಲ. ಅದು ಜೀವಂತ ಗೋಡೆ. ಒಂದೇ ಜೀವಕೋಶದಷ್ಟು ತೆಳ್ಳಗಿನ ಒಳಪೊರೆ ಅದಕ್ಕಿದೆ. ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲ್ ಆ ಪೊರೆಯನ್ನು ದಾಟಿ ಗೋಡೆಯೊಳಗೆ ಇಳಿಯುತ್ತದೆ. ಅದನ್ನು ತಿಂದುಹಾಕಲು ಬಂದ ಬಿಳಿ ರಕ್ತಕಣಗಳು ತಿಂದು ತಿಂದು ಉಬ್ಬಿ ಅಲ್ಲೇ ಸಾಯುತ್ತವೆ. ಅವುಗಳ ಮೇಲೆ ನಾರಿನ ಒಂದು ಮುಚ್ಚಳ ಬೆಳೆಯುತ್ತದೆ. ಇದೇ ಪ್ಲಾಕ್. ಇದರ ಶುರುವಾತು ಹದಿಹರೆಯದಲ್ಲೇ. ಅಪಘಾತ ಮೊದಲಾದವುಗಳಲ್ಲಿ ಸತ್ತ 15ರಿಂದ 34 ವಯಸ್ಸಿನವರ ದೇಹಗಳನ್ನು ಪರೀಕ್ಷಿಸಿದಾಗ ಹುಡುಗರಲ್ಲೂ ಹುಡುಗಿಯರಲ್ಲೂ ಕೊಬ್ಬಿನ ಗೀರುಗಳು ಕಂಡಿವೆ.

ಗೋಡೆಯೊಳಗೆ ಇಷ್ಟೆಲ್ಲ ಆಗುತ್ತಿದ್ದರೂ ದಾರಿ ಕಿರಿದಾಗಲೇಬೇಕೆಂದಿಲ್ಲ. ಸೀಮೋರ್ ಗ್ಲಾಗೊವ್ ಎಂಬ ಷಿಕಾಗೋದ ರೋಗಶಾಸ್ತ್ರಜ್ಞ 1987ರಲ್ಲಿ ಇದನ್ನು ತೋರಿಸಿಕೊಟ್ಟರು. ಪ್ಲಾಕ್ ಬೆಳೆದಂತೆ ರಕ್ತನಾಳ ಹೊರಗಡೆಗೆ ಹಿಗ್ಗಿ ಜಾಗ ಮಾಡಿಕೊಡುತ್ತದೆ; ಪ್ಲಾಕ್ ನೂರಕ್ಕೆ ಸುಮಾರು 40 ಭಾಗ ಜಾಗ ತಿನ್ನುವವರೆಗೂ ಒಳಗಿನ ದಾರಿ ಹಾಗೆಯೇ ಇರುತ್ತದೆ. ಆಂಜಿಯೋಗ್ರಾಂ ತೋರಿಸುವುದು ಆ ದಾರಿಯನ್ನು ಮಾತ್ರ. ಗೆದ್ದಲು ಹಿಡಿದ ಬಾಗಿಲ ಚೌಕಟ್ಟಿಗೆ ಹೊರಗಿನ ಬಣ್ಣ ಮಾಸಿರುವುದಿಲ್ಲ, ಬೆರಳಿಟ್ಟು ಒತ್ತಿದಾಗಲೇ ಒಳಗೆ ಪೊಳ್ಳು ಎಂದು ಗೊತ್ತಾಗುವುದು. ಹೆಂಗಸರ ರಕ್ತನಾಳಗಳಲ್ಲಿ ಪ್ಲಾಕ್ ಒಂದೆಡೆ ಗಂಟು ಕಟ್ಟದೆ ಉದ್ದಕ್ಕೂ ಹರಡಿಕೊಂಡಿರುವುದು ಹೆಚ್ಚು. ಚಿತ್ರದಲ್ಲಿ ಅದು ಸ್ವಚ್ಛ ನಾಳದಂತೆಯೇ ಕಾಣಬಹುದು.

ಪ್ಲಾಕ್ ಹೇಗೆ ಕೊಲ್ಲುತ್ತದೆ ಎಂಬುದರಲ್ಲೂ ವ್ಯತ್ಯಾಸವಿದೆ. ಪಠ್ಯಪುಸ್ತಕದ ಕಥೆ ಒಡೆಯುವುದರದು: ಮುಚ್ಚಳ ತೆಳುವಾಗಿ ಬಿರಿಯುತ್ತದೆ, ಒಳಗಿನ ಕೊಬ್ಬು ರಕ್ತಕ್ಕೆ ತಾಗುತ್ತದೆ, ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಭಾರತ ಮೂಲದ ರೋಗಶಾಸ್ತ್ರಜ್ಞೆ ರೇಣು ವಿರ್ಮಾನಿ ಮತ್ತು ಸಂಗಡಿಗರು ಹಠಾತ್ತಾಗಿ ಸತ್ತ ಹೆಂಗಸರ ರಕ್ತನಾಳಗಳನ್ನು ಪರೀಕ್ಷಿಸಿ 1998ರಲ್ಲಿ ಬೇರೊಂದು ಕಥೆ ಹೇಳಿದರು. ವಯಸ್ಸಾದ ಹೆಂಗಸರಲ್ಲಿ, ಕೊಲೆಸ್ಟರಾಲ್ ಹೆಚ್ಚಿದ್ದವರಲ್ಲಿ ಪ್ಲಾಕ್ ಒಡೆದಿತ್ತು. ಐವತ್ತರ ಒಳಗಿನವರಲ್ಲಿ, ಮುಖ್ಯವಾಗಿ ಧೂಮಪಾನ ಮಾಡುತ್ತಿದ್ದವರಲ್ಲಿ, ಅದು ಒಡೆದಿರಲಿಲ್ಲ. ಮುಚ್ಚಳ ಗಟ್ಟಿಯಾಗಿಯೇ ಇತ್ತು. ಅದರ ಮೇಲಿನ ತೆಳು ಒಳಪೊರೆ ಸವೆದುಹೋಗಿ, ಸವೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಇಂಥ ಕಡೆ ನಾಳ ಬಹಳ ಕಿರಿದಾಗಿರಲೇಬೇಕೆಂದಿಲ್ಲ. ಮುಟ್ಟು ನಿಲ್ಲದ ವಯಸ್ಸಿನ ಹೆಂಗಸು ಬ್ಲಾಕ್ ಇಲ್ಲದೆಯೇ ಸಾಯಬಹುದು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕೆ? ನಮ್ಮ ಎರಡು ನಂಬಿಕೆಗಳೂ ಈ ಒಂದೇ ಶವಪರೀಕ್ಷೆಯ ಮೇಜಿನ ಮೇಲೆ ಬಿದ್ದುಹೋಗುತ್ತವೆ.

ಪ್ಲಾಕ್ ಇಲ್ಲದೆಯೂ ಆಗುವ ಆಘಾತವಿದೆ. ರಕ್ತನಾಳದ ಗೋಡೆಯೇ ಪದರು ಪದರಾಗಿ ಸೀಳಿಕೊಳ್ಳುವ ಕಾಯಿಲೆ ಅದು. ಅದಕ್ಕೆ ತುತ್ತಾಗುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಬಾಣಂತಿಯರಿಗೂ ಬರುತ್ತದೆ. ಬಾಣಂತಿ ಎದೆನೋವು ಎಂದರೆ ಶೀತ, ವಾಯು ಎಂದು ಬೆನ್ನಿಗೆ ಬಿಸಿನೀರು ಹಾಕುವ ಮನೆಗಳು ಇದನ್ನು ತಿಳಿಯಲೇಬೇಕು.

ಹೃದಯದ ಒಳಗೆ ಹರಡಿರುವ ಸಣ್ಣ ಸಣ್ಣ ನಾಳಗಳ ಕಾಯಿಲೆ ಇನ್ನೊಂದು. ಆಂಜಿಯೋಗ್ರಾಂ ದೊಡ್ಡ ಹೆದ್ದಾರಿಗಳನ್ನು ತೋರಿಸುತ್ತದೆ, ಊರೊಳಗಿನ ಓಣಿಗಳು ಅದರಲ್ಲಿ ಕಾಣುವುದಿಲ್ಲ. ಆ ಓಣಿಗಳು ಬೇಕಾದಾಗ ಹಿಗ್ಗದೆ ಹೋದರೂ ಎದೆ ಹಿಂಡುತ್ತದೆ. ಇಂಥವರಿಗೆ ಜೀವಭಯವಿಲ್ಲ ಎಂದೇ ಬಹಳ ಕಾಲ ಹೇಳಿಕೊಂಡು ಬಂದರು. ಅಮೆರಿಕದಲ್ಲಿ ಎದೆನೋವಿನ ಹೆಂಗಸರನ್ನು ಐದು ವರ್ಷ ಹಿಂಬಾಲಿಸಿದ ಮಾರ್ಥಾ ಗುಲಾಟಿ ಮತ್ತು ಸಂಗಡಿಗರು 2009ರಲ್ಲಿ ಕೊಟ್ಟ ಲೆಕ್ಕ ಬೇರೆ. ನೋವಿದ್ದು, ನಾಳದಲ್ಲಿ ತಡೆಯಾಗದಷ್ಟು ಮಾತ್ರ ಪ್ಲಾಕ್ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಅನಾಹುತ ನೂರಕ್ಕೆ 16. ನೋವಿದ್ದು, ನಾಳ ಪೂರ್ತಿ ಸ್ವಚ್ಛ ಎನಿಸಿಕೊಂಡವರಲ್ಲೂ ಸುಮಾರು 8. ನೋವೇ ಇಲ್ಲದ ಹೆಂಗಸರಲ್ಲಿ 2.4. ನನ್ನ ಚಿಕ್ಕಮ್ಮ ಮನೆಗೆ ಹಿಂದಿರುಗಿದ್ದು ಆ ನಡುವಿನ ಗುಂಪಿನವಳಾಗಿ. ನಾವು ತುಪ್ಪದ ದೀಪ ಹಚ್ಚಿದೆವು.

ಹಾಗಾದರೆ ಮಾಡುವುದೇನು ಎಂದು ಕೇಳಬಹುದು. ಗ್ಲಾಸ್ಗೋದಲ್ಲಿ ಕಾಲಿನ್ ಬೆರ್ರಿಯವರ ತಂಡ, ದೊಡ್ಡ ಬ್ಲಾಕ್ ಇಲ್ಲದ 151 ರೋಗಿಗಳಲ್ಲಿ ಆಂಜಿಯೋಗ್ರಾಂ ಹೊತ್ತಿನಲ್ಲೇ ಸಣ್ಣ ನಾಳಗಳ ಪರೀಕ್ಷೆಯನ್ನೂ ಮಾಡಿ, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸಿಕ್ಕಿದ ಕಾರಣಕ್ಕೆ ತಕ್ಕ ಔಷಧ ಕೊಟ್ಟಿತು. 2018ರಲ್ಲಿ ಬಂದ ಫಲಿತಾಂಶದ ಪ್ರಕಾರ ಅವರ ನೋವು ಕಡಿಮೆಯಾಯಿತು, ಬದುಕು ಸುಧಾರಿಸಿತು. ಆ ರೋಗಿಗಳಲ್ಲಿ ನಾಲ್ಕರಲ್ಲಿ ಮೂವರು ಹೆಂಗಸರು. ಬ್ಲಾಕ್ ಇಲ್ಲದೆಯೂ ಹೃದಯಾಘಾತವಾದ ಹೆಂಗಸರ ನಾಳದ ಒಳಗೋಡೆಯನ್ನು ಬೆಳಕಿನ ಕ್ಯಾಮೆರಾದಿಂದಲೂ ಹೃದಯವನ್ನು ಎಂಆರ್‌ಐನಿಂದಲೂ ನೋಡಿದ ಇನ್ನೊಂದು ಅಧ್ಯಯನಕ್ಕೆ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿಯಲ್ಲಿ ಕಾರಣ ಸಿಕ್ಕಿತು. ಕಾರಣ ಹುಡುಕಿದರೆ ಸಿಗುತ್ತದೆ. "ಏನೂ ಇಲ್ಲ" ಎಂಬುದು ಎಷ್ಟೋ ಸಲ ಹುಡುಕುವುದನ್ನು ನಿಲ್ಲಿಸಿದ ಜಾಗದ ಹೆಸರು.

ಈಚೆಗೆ ಮೂರನೆಯ ನಂಬಿಕೆಯೊಂದು ಹುಟ್ಟಿಕೊಂಡಿದೆ. ಅದನ್ನು ಹರಡುತ್ತಿರುವವರು ಹೆಂಗಸರ ಹಿತೈಷಿಗಳೇ ಆದ್ದರಿಂದ ವಿರೋಧಿಸಲು ನನಗೆ ಸಂಕೋಚ, ಆದರೂ ವಿರೋಧಿಸಬೇಕು. ಹೆಂಗಸರ ಹೃದಯಾಘಾತದಲ್ಲಿ ಎದೆನೋವೇ ಇರುವುದಿಲ್ಲ, ಬರೀ ಸುಸ್ತು, ವಾಕರಿಕೆ, ಬೆನ್ನುನೋವು ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. 55ರ ಒಳಗೆ ಹೃದಯಾಘಾತವಾದ ಸುಮಾರು 2,000 ಹೆಂಗಸರನ್ನೂ ಸುಮಾರು 1,000 ಗಂಡಸರನ್ನೂ ವಿಚಾರಿಸಿದ ಅಧ್ಯಯನವೊಂದು 2018ರಲ್ಲಿ ಬಂತು. ಎದೆನೋವು, ಎದೆ ಒತ್ತು, ಎದೆ ಬಿಗಿತ ಹೆಂಗಸರಲ್ಲಿ ನೂರಕ್ಕೆ 87 ಮಂದಿಗೆ ಇತ್ತು. ಗಂಡಸರಲ್ಲಿ ಸುಮಾರು 90. ಎದೆನೋವಿನ ಜೊತೆಗೆ ಉಳಿದ ತೊಂದರೆಗಳೂ ಹೆಂಗಸರಿಗೆ ಹೆಚ್ಚು ಇದ್ದವು, ಅಷ್ಟೇ. ನನ್ನ ಕಣ್ಣಿಗೆ ಚುಚ್ಚಿದ್ದು ಅದೇ ಅಧ್ಯಯನದ ಇನ್ನೊಂದು ಅಂಕಿ. ಆಸ್ಪತ್ರೆ ಸೇರುವ ಮೊದಲೇ ವೈದ್ಯರಿಗೆ ತೋರಿಸಿದ್ದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದು ಹೃದಯದ್ದಲ್ಲ ಎಂದು ಹೇಳಿ ಕಳಿಸಲಾಗಿತ್ತು. ಗಂಡಸರಲ್ಲಿ ಆ ಪ್ರಮಾಣ ನೂರಕ್ಕೆ 37. ಹೆಂಗಸು ಎದೆನೋವು ಎಂದೇ ಹೇಳುತ್ತಿದ್ದಾಳೆ. ಅವಳ ಬಾಯಲ್ಲಿ ಆ ಮಾತು ಬಂದಾಗ ನಮ್ಮ ಕಿವಿಗೆ ಅದು ಗ್ಯಾಸ್ ಎಂದು ಕೇಳಿಸುತ್ತದೆ. ಹೆಂಗಸಿನ ನೋವು ವಿಚಿತ್ರ, ಅರ್ಥವಾಗದ್ದು ಎಂದು ಸಾರಿದಷ್ಟೂ ನಾವು ಕೇಳದಿದ್ದ ತಪ್ಪು ಅವಳು ಸರಿಯಾಗಿ ಹೇಳದಿದ್ದ ತಪ್ಪಾಗಿಬಿಡುತ್ತದೆ. ಅಮೆರಿಕದ ಹೃದ್ರೋಗ ಸಂಘಗಳು 2021ರ ಮಾರ್ಗಸೂಚಿಯಲ್ಲಿ ಇಂಥ ನೋವನ್ನು ವರ್ಣಿಸುವಾಗ 'ಅಸಹಜ ಲಕ್ಷಣ' ಎಂಬ ಅರ್ಥದ ಪದವನ್ನೇ ಬಳಸಬೇಡಿ ಎಂದು ಹೇಳಿದ್ದು ಸುಮ್ಮನಲ್ಲ. ರಕ್ತಪರೀಕ್ಷೆಯಲ್ಲೂ ಇದೇ ಪಾಠವಿದೆ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಹೆಚ್ಚುವ ಟ್ರೋಪೊನಿನ್‌ನ ಒಂದು ಅತಿಸೂಕ್ಷ್ಮ ಪರೀಕ್ಷೆಯಲ್ಲಿ ಗಂಡಸಿನ ಗಡಿ 34, ಹೆಂಗಸಿನದು 16. ಅವನ ಅಳತೆಗೋಲು ಹಿಡಿದರೆ 20 ಬಂದ ಹೆಂಗಸು ಆರೋಗ್ಯವಂತೆಯಾಗಿ ಮನೆಗೆ ಹೋಗುತ್ತಾಳೆ.

ಗ್ಯಾಸ್ ಎನ್ನುವುದು ವೈದ್ಯರಿಗೆ ಮೊದಲು ಮನೆಯ ತೀರ್ಪು ಎಂಬುದನ್ನೂ ಒಪ್ಪಿಕೊಳ್ಳಬೇಕು. ದೆಹಲಿಯ ಏಮ್ಸ್‌ನ ಹೊರರೋಗಿಗಳ 2016ರ ದಾಖಲೆಗಳನ್ನು ನೋಡಿದ ಅಧ್ಯಯನದಲ್ಲಿ ಒಬ್ಬ ಹೆಂಗಸಿಗೆ 1.69 ಗಂಡಸರಂತೆ ಲೆಕ್ಕ ಸಿಕ್ಕಿತು. ಊರು ದೂರವಾದಷ್ಟೂ ಹೆಂಗಸರು ಕಡಿಮೆ. ಅದೇ ಸಂಸ್ಥೆಯಲ್ಲಿ ಹುಟ್ಟಿನಿಂದ ಹೃದಯ ದೋಷವಿದ್ದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಬೇಕೆಂದು ಹೇಳಿದಾಗ ಗಂಡುಮಕ್ಕಳಲ್ಲಿ ನೂರಕ್ಕೆ 70 ಮಂದಿಗೆ ಮಾಡಿಸಿದರು, ಹೆಣ್ಣುಮಕ್ಕಳಲ್ಲಿ 44. ಹೃದ್ರೋಗ ವಾರ್ಡಿನಲ್ಲಿ ಹೆಂಗಸರು ಕಡಿಮೆ ಕಾಣುತ್ತಾರೆ ಎನ್ನುವವರು ಈ ಅಂಕಿಯನ್ನು ಎದುರಿಗಿಟ್ಟುಕೊಂಡು ಮಾತಾಡಲಿ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗದ ಪ್ರಕಾರ 2019ರಲ್ಲಿ ಜಗತ್ತಿನ ಹೆಂಗಸರ ಸಾವುಗಳಲ್ಲಿ ನೂರಕ್ಕೆ 35 ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಆದವು.

ಅಪಾಯದ ಪಟ್ಟಿ ಎಲ್ಲರಿಗೂ ಬಾಯಿಪಾಠ: ಬಿಪಿ, ಸಕ್ಕರೆ, ಕೊಲೆಸ್ಟರಾಲ್, ತಂಬಾಕು, ಹೊಟ್ಟೆಯ ಬೊಜ್ಜು, ಚಿಂತೆ, ವ್ಯಾಯಾಮವಿಲ್ಲದಿರುವುದು. ಇಂಟರ್‌ಹಾರ್ಟ್ ಹೆಸರಿಸಿದ ಒಂಬತ್ತು ಅಂಶಗಳು ಗಂಡಸರ ಹೃದಯಾಘಾತದ ಅಪಾಯದಲ್ಲಿ ನೂರಕ್ಕೆ 90ನ್ನೂ ಹೆಂಗಸರದರಲ್ಲಿ 94ನ್ನೂ ವಿವರಿಸಿದವು. ಪಟ್ಟಿ ಒಂದೇ. ತೂಕ ಬೇರೆ. ಸಕ್ಕರೆ ಕಾಯಿಲೆ ಗಂಡಸಿನ ಹೃದಯದ ಅಪಾಯವನ್ನು ಎಷ್ಟು ಪಟ್ಟು ಏರಿಸುತ್ತದೋ, ಹೆಂಗಸಿನದನ್ನು ಅದಕ್ಕಿಂತ ಸುಮಾರು 44 ಶೇಕಡ ಹೆಚ್ಚು ಏರಿಸುತ್ತದೆ ಎಂದು ರೇಚಲ್ ಹಕ್ಸ್‌ಲಿ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಕೂಡಿಸಿ 2014ರಲ್ಲಿ ತೋರಿಸಿದರು. ಧೂಮಪಾನದಲ್ಲೂ ಹೆಂಗಸಿನ ನಷ್ಟ 25 ಶೇಕಡ ಹೆಚ್ಚು. ನಮ್ಮ ಹೆಂಗಸರು ಸಿಗರೇಟು ಸೇದುವುದು ಕಡಿಮೆ ನಿಜ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರನ್ನು, ಕಡ್ಡಿಪುಡಿ ಮೆಲ್ಲುವವರನ್ನು ಲೆಕ್ಕಕ್ಕೆ ಹಿಡಿದಿದ್ದೇವೆಯೇ? ಅಗಿಯುವ ತಂಬಾಕು ಕೂಡ ಹೃದಯಾಘಾತದ ಸಾಧ್ಯತೆಯನ್ನು ಎರಡು ಪಟ್ಟಿಗೂ ಹೆಚ್ಚು ಮಾಡುತ್ತದೆ ಎಂದು ಅದೇ ಇಂಟರ್‌ಹಾರ್ಟ್ ಹೇಳಿದೆ. "ನಿಮಗೆ ಸ್ಮೋಕಿಂಗ್ ಇದೆಯಾ?" ಎಂದು ಕೇಳಿದರೆ ಆ ಹೆಂಗಸು ಇಲ್ಲ ಎಂದೇ ಹೇಳುತ್ತಾಳೆ, ಅದು ಸುಳ್ಳೂ ಅಲ್ಲ.

ಇವೆಲ್ಲಕ್ಕಿಂತ ಹೆಚ್ಚಾಗಿ ಹೆಣ್ಣಿನ ಪಾಲಿಗಷ್ಟೇ ಇರುವ ಒಂದು ದಾಖಲೆಯನ್ನು ನಾವು ಎಸೆದುಬಿಡುತ್ತೇವೆ. ಬಸಿರು. ಬಸಿರಿನಲ್ಲಿ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗಿ, ಮುಖ ಕಾಲು ಊದಿಕೊಂಡವಳಿಗೆ ಮುಂದೆ ಹೃದ್ರೋಗದ ಅಪಾಯ ಸುಮಾರು ಎರಡು ಪಟ್ಟು. ಬಸಿರಿನಲ್ಲಿ ಸಕ್ಕರೆ ಏರಿದವಳಿಗೂ ಹಾಗೆಯೇ. ಬಸಿರು ಎಂದರೆ ಹೃದಯಕ್ಕೂ ರಕ್ತನಾಳಕ್ಕೂ ಒಂಬತ್ತು ತಿಂಗಳ ಕಠಿಣ ಪರೀಕ್ಷೆ, ಟ್ರೆಡ್‌ಮಿಲ್‌ಗಿಂತ ಎಷ್ಟೋ ಪಾಲು ಕಠಿಣವಾದದ್ದು. ಇಪ್ಪತ್ತೈದನೇ ವಯಸ್ಸಿನಲ್ಲಿ ಆ ಪರೀಕ್ಷೆಯಲ್ಲಿ ಬಿಪಿ ಏರಿದರೆ ಅವಳ ರಕ್ತನಾಳ ಇಪ್ಪತ್ತು ವರ್ಷ ಮೊದಲೇ ಎಚ್ಚರಿಕೆ ಕೊಟ್ಟಂತೆ. ನಮ್ಮ ರಾಜ್ಯದಲ್ಲಿ ಬಸುರಿಯರಿಗೆ ತಾಯಿ ಕಾರ್ಡ್ ಕೊಡುತ್ತಾರೆ. ಬಿಪಿ ಎಷ್ಟು, ರಕ್ತ ಎಷ್ಟು, ತೂಕ ಎಷ್ಟು ಎಂದು ಆಶಾ ಕಾರ್ಯಕರ್ತೆಯರೂ ದಾದಿಯರೂ ಶ್ರದ್ಧೆಯಿಂದ ಬರೆಯುತ್ತಾರೆ. ಮಗುವಿನ ಲಸಿಕೆ ಮುಗಿದ ಮೇಲೆ ಆ ಕಾರ್ಡ್ ರೇಷನ್ ಕಾರ್ಡಿನ ಜೊತೆ ಟ್ರಂಕಿನ ತಳ ಸೇರುತ್ತದೆ. ಮೂವತ್ತು ದಾಟಿದವರ ಬಿಪಿ, ಸಕ್ಕರೆ ನೋಡಲು ಆರೋಗ್ಯ ಕಾರ್ಯಕರ್ತರು ಮನೆಬಾಗಿಲಿಗೆ ಬಂದಾಗ ಆ ಟ್ರಂಕು ತೆರೆಸುವವರಿಲ್ಲ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರಿನಲ್ಲಿ 46ನೇ ವಯಸ್ಸಿಗೆ ತೀರಿಹೋದಾಗ ಇಡೀ ನಾಡು ಎದೆ ಮುಟ್ಟಿ ನೋಡಿಕೊಂಡಿತು, ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತಿತು, ಅವರ ಹೆಸರಿನಲ್ಲಿ ಬಂದ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವಂತಾಯಿತು. ದೊಡ್ಡ ಕೆಲಸ. ಆದರೆ ಇಸಿಜಿ ಯಂತ್ರದವರೆಗೆ ಹೆಂಗಸು ತಲುಪಬೇಕಲ್ಲ. ಅವಳನ್ನು ತಲುಪಿಸಬಲ್ಲ ಪ್ರಶ್ನೆ ತಾಯಿ ಕಾರ್ಡಿನಲ್ಲಿದೆ: ಬಸಿರಿನಲ್ಲಿ ಬಿಪಿ ಏರಿತ್ತೇ? ಸಕ್ಕರೆ ಬಂದಿತ್ತೇ? ದಿನ ತುಂಬುವ ಮೊದಲೇ ಹೆರಿಗೆಯಾಯಿತೇ? ಗರ್ಭಕೋಶ ಯಾವ ವಯಸ್ಸಿಗೆ ತೆಗೆಸಿದಿರಿ, ಅಂಡಾಶಯ ಇದೆಯೇ? ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ, ಐದು ನಿಮಿಷ ಸಾಕು.

ಚಿಕ್ಕಮ್ಮನನ್ನು ಒಂದೂವರೆ ವರ್ಷದ ನಂತರ ಬೇರೊಬ್ಬ ವೈದ್ಯೆಗೆ ತೋರಿಸಿದೆವು. ಅವರು ಆಂಜಿಯೋಗ್ರಾಂನ ಹಳೆಯ ಸಿಡಿಯನ್ನು ಬದಿಗಿಟ್ಟು ಅವಳ ಮಾತು ಕೇಳಿದರು. ಸಣ್ಣ ನಾಳದ ಕಾಯಿಲೆ ಎಂದು ಹೇಳಿ ಮಾತ್ರೆ ಬದಲಿಸಿದರು, ಕೊಲೆಸ್ಟರಾಲಿಗೂ ಬಿಪಿಗೂ ಔಷಧ ಕೊಟ್ಟರು. ಈಗ ಅವಳು ಮೆಟ್ಟಿಲು ಹತ್ತುತ್ತಾಳೆ, ಒಂದು ಸಲ ನಿಂತು. ಹೊರಡುವ ಮುನ್ನ ವೈದ್ಯೆ ಬಸಿರಿನ ಬಗ್ಗೆ ಕೇಳಿದಾಗ ಅವಳು ಅಚ್ಚರಿಯಿಂದ ನನ್ನ ಮುಖ ನೋಡಿದಳು. "ಎರಡನೇದಕ್ಕೆ ಬಿಪಿ ಏರಿ ಕಣ್ಣೆಲ್ಲ ಮಂಜಾಗಿತ್ತು ಡಾಕ್ಟ್ರೇ. ಎಂಟಕ್ಕೇ ಹೆರಿಗೆ ಮಾಡಿಸಿದ್ರು. ಅದನ್ನ ಇಷ್ಟು ವರ್ಷದಲ್ಲಿ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಮನೆಗೆ ಬಂದು ಅವಳ ಹಳೆಯ ಫೈಲ್ ತೆರೆದೆ. ಮೊದಲ ಪುಟದಲ್ಲಿ ಸಿಗರೇಟು ಇಲ್ಲ, ಕುಡಿತ ಇಲ್ಲ ಎಂದು ಬರೆದಿತ್ತು. ಅದರ ಕೆಳಗೆ ಖಾಲಿ ಜಾಗವಿತ್ತು. ಪೆನ್ನು ತೆಗೆದುಕೊಂಡು ಬರೆದೆ: ಎರಡನೇ ಬಸಿರಿನಲ್ಲಿ ಬಿಪಿ ಏರಿತ್ತು, ಎಂಟನೇ ತಿಂಗಳಿಗೆ ಹೆರಿಗೆ.